ಸೈಕಲ್ ಬೀಗ: ಹಳೇದೇ ಗಟ್ಟಿನಾ?

ಪ್ರಶ್ನೆ: ಅಪ್ಪನ ಸೈಕಲ್ಲಿಗೆ ಹಿಂದಿನ ಚಕ್ರದ ಮೇಲೆ ಒಂದು ಪುಟ್ಟ ಬೀಗ ಇತ್ತು, ಅಷ್ಟೇ. ಎಷ್ಟೋ ವರ್ಷ ಅದು ಕಳುವಾಗಲಿಲ್ಲ. ನಾನು ಹೊಸ ಗೇರ್ ಸೈಕಲ್ಲಿಗೆ ನಂಬರ್ ತಿರುಗಿಸುವ ಕೇಬಲ್ ಬೀಗ ಹಾಕಿದ್ದೆ, ಹತ್ತೇ ನಿಮಿಷದಲ್ಲಿ ಹೋಯಿತು. ಹಳೇ ಬೀಗಗಳೇ ಗಟ್ಟಿ ಇದ್ದವಾ?

ಉತ್ತರ: ತುಂಬಾ ಬೇಜಾರಾಯಿತು ಓದಿ. ಆದರೆ ಅಪ್ಪನ ಬೀಗ ಜಾಸ್ತಿ ಗಟ್ಟಿ ಇತ್ತು ಅಂತಲ್ಲ. ಅದರ ಬಾಗಿದ ಕಂಬಿ ಕಡ್ಡಿಗಳ ನಡುವೆ ತೂರಿ ಚಕ್ರ ತಿರುಗದಂತೆ ಹಿಡಿಯುತ್ತಿತ್ತು, ಸಾಮಾನ್ಯವಾಗಿ ಬೀಗ ಬಿದ್ದ ಮೇಲೆಯೇ ಕೀಲಿಕೈ ಕೈಗೆ ಬರುತ್ತಿತ್ತು. ಸೈಕಲ್ಲನ್ನೇ ಎತ್ತಿಕೊಂಡು ಹೋದರೆ ಅದೇನೂ ಮಾಡುತ್ತಿರಲಿಲ್ಲ. ಹತ್ತಿ ಓಡುವವನನ್ನು ತಡೆಯುವುದಷ್ಟೇ ಅದರ ಕೆಲಸ.

ಕಂಬಕ್ಕೆ ಕಟ್ಟೋಕೆ ಸರಪಳಿ, ಕೇಬಲ್ ಇದ್ದವು, ಕಟರ್ ಮುಂದೆ ತೆಳುವಾದದ್ದು ಯಾವುದೂ ನಿಲ್ಲಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಕ್ರಿಪ್ಟೊನೈಟ್ ಕಂಪನಿಯ ಯು-ಲಾಕ್, ಅಂದರೆ ಇಂಗ್ಲಿಷ್ U ಆಕಾರದ ದಪ್ಪ ಉಕ್ಕಿನ ಬೀಗ, ಹೆಸರು ಮಾಡಿತು. ಪರೀಕ್ಷೆಗೆ ಅಂತ ನ್ಯೂಯಾರ್ಕಿನ ಬೀದಿಯಲ್ಲಿ ಒಂದು ತಿಂಗಳು ಸೈಕಲ್ ಬಿಟ್ಟಿದ್ದರು. ಬಿಚ್ಚೋಕೆ ಬರುವ ಭಾಗಗಳನ್ನೆಲ್ಲ ಕಳ್ಳರು ಬಿಚ್ಚಿಕೊಂಡು ಹೋದರೂ ಬೀಗ ಮಾತ್ರ ಬಿಡಲಿಲ್ಲ.

ಆಮೇಲೆ 2004ರಲ್ಲಿ ಯಾರೂ ಎಣಿಸದ ಸಂಗತಿ ನಡೆಯಿತು. ಆ ಬೀಗಗಳಲ್ಲಿ ಹಲವಕ್ಕೆ ಕೊಳವೆಯಂಥ ಕೀಲಿಕೈ, ದುಂಡನೆಯ ಕೀಲಿ ತೂತು ಇತ್ತು. ಅದೇ ಅಳತೆಯ ಪ್ಲಾಸ್ಟಿಕ್ ಬಾಲ್ ಪೆನ್ನಿನ ಹಿಂಬದಿಯನ್ನು ಒತ್ತಿ ಅಲ್ಲಾಡಿಸಿದರೆ ಮೆತ್ತಗಿನ ಪ್ಲಾಸ್ಟಿಕ್ ಒಳಗಿನ ಪಿನ್ನುಗಳ ಅಚ್ಚು ಹಿಡಿದು, ಬೀಗ ತೆರೆದೇ ಬಿಡುತ್ತಿತ್ತು! ಉಕ್ಕು ಎಷ್ಟು ದಪ್ಪ ಇದ್ದರೇನು, ಸೋತದ್ದು ಕೀಲಿ ತೂತಿನಲ್ಲಿ ಅಲ್ವಾ? ಕಂಪನಿ ಲಕ್ಷಗಟ್ಟಲೆ ಬೀಗ ಬದಲಿಸಿ ಕೊಟ್ಟಿತು, ಚಪ್ಪಟೆ ಕೀಲಿಕೈ ಬಂತು.

ಈಗಿನ ತಲೆನೋವು ಬ್ಯಾಟರಿ ಗ್ರೈಂಡರ್, ಅಂದರೆ ತಿರುಗುವ ಬಿಲ್ಲೆಯಿಂದ ಲೋಹ ಕತ್ತರಿಸುವ ಕೈ ಯಂತ್ರ. ಮಾಮೂಲಿ ಯು-ಲಾಕನ್ನು ಒಂದೆರಡು ನಿಮಿಷದಲ್ಲಿ ಕತ್ತರಿಸುತ್ತದೆ. ಅದಕ್ಕೇ ಗ್ರೈಂಡರಿನ ಬಿಲ್ಲೆಯನ್ನೇ ಸವೆಸುವ ಗಟ್ಟಿ ಪದರ ಇರುವ ಬೀಗಗಳು ಬಂದಿವೆ. ಅವೂ ಕೊನೆಗೆ ತುಂಡಾಗುತ್ತವೆ, ಆದರೆ ಕಳ್ಳ ಹೆಚ್ಚು ಹೊತ್ತು ಸದ್ದು ಮಾಡುತ್ತಾ ಕೂರಬೇಕಾಗುತ್ತದೆ.

ನಿಮಗೆ ನಾನು ಹೇಳುವುದು: ಕೇಬಲ್ಲನ್ನು ಮುಂದಿನ ಚಕ್ರಕ್ಕಷ್ಟೇ ಇಟ್ಟುಕೊಳ್ಳಿ. ಹಿಂದಿನ ಚಕ್ರ, ಫ್ರೇಮು, ಕಂಬ ಮೂರೂ ಹಿಡಿಯುವಷ್ಟು ದೊಡ್ಡ ಯು-ಲಾಕ್ ಸಾಕು, ಸುಮ್ನೆ ದೊಡ್ಡದು ಬೇಡ. ಒಳಗೆ ಜಾಗ ಉಳಿದರೆ ಜಾಕ್ ತೂರಿಸಿ ಮುರಿಯುತ್ತಾರೆ. ಕಂಬ ಗಿಡ್ಡಗಿದ್ದರೆ ಬೀಗದ ಸಮೇತ ಸೈಕಲ್ಲನ್ನು ಮೇಲಕ್ಕೆತ್ತಿ ಬಿಡಿಸಿಕೊಳ್ಳಬಹುದು, ಹಾಗಾಗಿ ಎತ್ತರ ನೋಡಿಕೊಳ್ಳಿ, ಬುಡ ಅಲ್ಲಾಡುತ್ತಾ ಅಂತಲೂ ಒಮ್ಮೆ ಜಗ್ಗಿ ನೋಡಿ.