‘ಮೋರ್ ದ್ಯಾನ್ ವರ್ಡ್ಸ್’ ಹಾಡಿದ ಎಕ್ಸ್‌ಟ್ರೀಮ್ ನಿಜಕ್ಕೂ ರಾಕ್ ಬ್ಯಾಂಡಾ? ಡ್ರಮ್ಸೇ ಇಲ್ಲದ ಆ ಹಾಡಿನ ಹಿಂದಿನ ಕಥೆ ಏನು?

ರಾಕ್ ಬ್ಯಾಂಡೇ, ಅನುಮಾನ ಬೇಡ. ಬಾಸ್ಟನ್ ಕಡೆಯ ಈ ನಾಲ್ವರು ನುಡಿಸುತ್ತಿದ್ದದ್ದು ಫಂಕ್ (ಕುಣಿಸುವಂಥ ತಾಳದ ಸಂಗೀತ) ಬೆರೆತ ಹಾರ್ಡ್ ರಾಕ್. ನೀವು ಕೇಳಿದ ಹಾಡು 1990ರ ‘ಪೋರ್ನೋಗ್ರಾಫಿಟಿ’ ಆಲ್ಬಂನದು. ಅದರಲ್ಲಿರುವ ಹೆಚ್ಚಿನ ಹಾಡುಗಳು ಕಿವಿ ಗುಂಯ್ ಅನ್ನಿಸುವಂಥವು. ಈ ಒಂದು ಹಾಡನ್ನು ನಂಬಿ ಕ್ಯಾಸೆಟ್ ತಂದವರ ಗತಿ ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತೆ.

ಬರೆದದ್ದು ಗಿಟಾರಿಸ್ಟ್ ನೂನೊ ಬೆಟೆನ್‌ಕೋರ್ಟ್ ಮತ್ತು ಗಾಯಕ ಗ್ಯಾರಿ ಶೆರೋನ್. ಜನ ‘ಐ ಲವ್ ಯೂ’ ಅನ್ನೋದನ್ನು ಮಾತುಮಾತಿಗೂ ಬಳಸಿ ಸವೆಸಿಬಿಟ್ಟಿದ್ದಾರೆ ಅನ್ನೋ ಬೇಸರವೇ ಹಾಡಿನ ಮೂಲ. ಬಾಯಿಮಾತು ಸಾಕು, ಮಾಡಿ ತೋರಿಸು ಅಂತ ಕೇಳುವ ಹಾಡು ಇದು. ಹುಡುಗಿಯನ್ನು ಪುಸಲಾಯಿಸುವ ಹಾಗಿದೆ ಅಂತ ಗೊಣಗುವವರೂ ಇದ್ದಾರೆ. ಹಾಗೂ ಅರ್ಥ ಮಾಡ್ಕೋಬಹುದು, ಇಲ್ಲ ಅನ್ನಲ್ಲ. ನನಗೆ ಮಾತ್ರ ಇದು ಪ್ರೇಮಗೀತೆಗಿಂತ ಜಾಸ್ತಿ ಒಂದು ತಕರಾರಿನ ಥರ ಕೇಳುತ್ತೆ. ಆದರೂ ಮದುವೆ ಮನೆಗಳಲ್ಲಿ ಇದನ್ನೇ ಹಾಡ್ತಾರೆ!

1991ರಲ್ಲಿ ಸಿಂಗಲ್ ಆಗಿ, ಅಂದ್ರೆ ಬಿಡಿ ಹಾಡಾಗಿ ಬಂತು. ಆ ಜೂನ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನ, ಬ್ರಿಟನ್ನಿನಲ್ಲಿ ಎರಡನೆಯದು. ಕಪ್ಪು-ಬಿಳುಪು ವಿಡಿಯೊದ ಶುರುವನ್ನು ಗಮನಿಸಿ. ಡ್ರಮ್ಮರ್ ಪಾಲ್ ಗಿಯರಿ ಕೋಲುಗಳನ್ನು ಕೆಳಗಿಡ್ತಾನೆ, ಪ್ಯಾಟ್ ಬ್ಯಾಜರ್ ತನ್ನ ಬೇಸ್ ಗಿಟಾರನ್ನು ಆ್ಯಂಪ್‌ಗೆ (ಆ್ಯಂಪ್ಲಿಫೈಯರ್) ಒರಗಿಸ್ತಾನೆ. ನಮಗಿಲ್ಲಿ ಕೆಲಸ ಇಲ್ಲ ಅಂತ ಅವರೇ ತಮಾಷೆಯಾಗಿ ಹೇಳಿಕೊಂಡ ಹಾಗೆ.

ಆದರೆ ತಾಳ ಎಲ್ಲೂ ಹೋಗಿಲ್ಲ. ಅದು ನೂನೊನ ಬಲಗೈಯಲ್ಲಿದೆ. ಎರಡನೇ ಮತ್ತು ನಾಲ್ಕನೇ ಬೀಟಿಗೆ ಆತ ತಂತಿಗಳ ಮೇಲೆ ‘ಟಪ್’ ಅಂತ ಬಡಿಯೋದು ಹೆಡ್‌ಫೋನ್‌ನಲ್ಲಿ ಸ್ಪಷ್ಟವಾಗಿ ಕೇಳುತ್ತೆ. ಡ್ರಮ್ಸ್‌ನಲ್ಲಿ ಸ್ನೇರ್ ಅನ್ನೋ ಚುರುಕು ಸದ್ದಿನ ಡ್ರಮ್ಮಿನ ಪೆಟ್ಟು ಬೀಳುವ ಜಾಗವೇ ಅದು. ಎಡಗೈ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬೇಗ ಕಲಿಯಬಹುದು, ಈ ಬಡಿತ ಕೂರೋಕೆ ಮಾತ್ರ ಟೈಮ್ ಹಿಡಿಯುತ್ತೆ. ಕಲಿಯೋ ಆಸೆ ಇದ್ರೆ ಮೊದಲು ಬಲಗೈಯೊಂದನ್ನೇ ನಿಧಾನಕ್ಕೆ ಅಭ್ಯಾಸ ಮಾಡಿ, ಹಾಡೋದನ್ನು ಆಮೇಲೆ ಸೇರಿಸಿ. ಮತ್ತೆ, ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡ್ಕೊಳ್ಳಿ, ಇಲ್ಲಾಂದ್ರೆ ರೆಕಾರ್ಡಿನ ಜೊತೆ ನುಡಿಸಿದಾಗ ಶ್ರುತಿ ಕೂಡಲ್ಲ.