ದೊಡ್ಡದನ್ನು ಊರಿಗೆ ಕಳಿಸುವ ಮಾತು

ಮನೆಯಲ್ಲಿ ಎರಡನೇ ಬಾಣಂತನ ಆಯಿತೆಂದರೆ, ಅದರಲ್ಲೂ ಅವಳಿ ಹುಟ್ಟಿದವೆಂದರೆ, ನೋಡಲು ಬಂದವರೆಲ್ಲ ಹೇಳಿ ಹೋಗುವುದು ಒಂದೇ ಮಾತು: "ದೊಡ್ಡದನ್ನ ಒಂದು ವರ್ಷ ಅಜ್ಜಿ ಮನೇಲಿ ಬಿಡ್ರಿ, ಇವು ಸ್ವಲ್ಪ ಕೈಗೆ ಬರ್ಲಿ." ದಾವಣಗೆರೆಯಲ್ಲಿ ಆಪ್ತಸಲಹೆ ಮಾಡುವ ನನ್ನ ಬಳಿಗೂ ಈ ಮಾತು ಮತ್ತೆ ಮತ್ತೆ ಬರುತ್ತದೆ. ಕಳಿಸಬೇಕೋ ಬೇಡವೋ ಎಂದು ಕೇಳಿಕೊಂಡು ಬರುವವರು ಕಡಿಮೆ. ಕಳಿಸುವುದು ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ. ಮಗು ಅಲ್ಲಿ ಹೊಂದಿಕೊಳ್ಳುವ ಹಾಗೆ ಮಾಡುವುದು ಹೇಗೆ ಎಂದು ಕೇಳುತ್ತಾರೆ. ಇನ್ನು ಕೆಲವರು ಕಳಿಸಿ, ವಾಪಸು ಕರೆತಂದು, ಮಗು ಯಾಕೆ ಹೀಗಾಗಿದೆ ಎಂದು ಕೇಳಲು ಬರುತ್ತಾರೆ. ಈ ಪ್ರಕರಣ ಮೊದಲನೆಯ ಬಗೆಯದು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ತಂದೆ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ನಿಟ್ಟುವಳ್ಳಿ ಕಡೆ ಎರಡು ಕೋಣೆಯ ಬಾಡಿಗೆ ಮನೆ. ಮಂಡಿ ನೋವಿನ ಅವರ ತಾಯಿ, ಅಂದರೆ ಸೊಸೆಗೆ ಅತ್ತೆ, ಜೊತೆಗಿದ್ದಾರೆ. ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ಅವಳಿ ಗಂಡುಮಕ್ಕಳಿಗೆ ನಾಲ್ಕು ತಿಂಗಳು. ತಾಯಿ ಹೊಳಲ್ಕೆರೆ ತಾಲ್ಲೂಕಿನ ತವರಿನಲ್ಲಿ ಮೂರು ತಿಂಗಳು ಬಾಣಂತನ ಮುಗಿಸಿಕೊಂಡು ಬಂದಿದ್ದರು. ಬಂದ ಹತ್ತಿಪ್ಪತ್ತು ದಿನದಲ್ಲೇ ಮಗಳು ಒಬ್ಬ ತಮ್ಮನ ಕಾಲಬೆರಳು ಕಚ್ಚಿದಳು, ಹಲ್ಲಿನ ಗುರುತು ಮೂಡುವ ಹಾಗೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸವೂ ಮತ್ತೆ ಶುರುವಾಯಿತು. ಮನೆಯಲ್ಲಿ ಎಲ್ಲರೂ ಹೊಟ್ಟೆಕಿಚ್ಚು ಎಂದರು. ದೀಪಾವಳಿ ಪಾಡ್ಯ ಕಳೆದ ಮೇಲೆ ಅವಳನ್ನು ಅಜ್ಜಿಯ ಊರಿಗೆ ಬಿಡುವುದೆಂದು ನಿಶ್ಚಯವಾಗಿತ್ತು. ಮಕ್ಕಳ ವೈದ್ಯರು ಹೇಳಿದ್ದರಿಂದ, ಬಿಡುವ ಮುಂಚೆ ಒಮ್ಮೆ ನನ್ನ ಬಳಿ ಬಂದರು.

ಮೊದಲ ಭೇಟಿಯಲ್ಲಿ ನಾನು ಮಗಳ ವಿಷಯಕ್ಕೇ ಹೋಗಲಿಲ್ಲ. ತಾಯಿಯನ್ನು ನೋಡಿದೆ. ಬಾಣಂತಿಯರ ಖಿನ್ನತೆ ಗುರುತಿಸಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೊ ಪ್ರಶ್ನಾವಳಿ ಇದೆ. ಹಿಂದಿನ ಏಳು ದಿನ ಹೇಗಿದ್ದಿರಿ ಎಂದು ಕೇಳುವ 10 ಪ್ರಶ್ನೆಗಳು, ಕೊನೆಯದು ತನಗೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂಬುದು. ಈಕೆಯ ಅಂಕ ಚಿಂತೆಯ ಮಟ್ಟಕ್ಕೆ ಹೋಗಿರಲಿಲ್ಲ. ಹಿಮೋಗ್ಲೋಬಿನ್ ಮಾತ್ರ 9ರ ಆಸುಪಾಸು, ಅಂದರೆ ರಕ್ತಹೀನತೆ. ಹೆರಿಗೆಯಾದ ಮೇಲೂ 180 ದಿನ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳಬೇಕು. ತವರಿಂದ ಬರುವಾಗ ಆ ಮಾತ್ರೆ ಅಲ್ಲೇ ಉಳಿದಿತ್ತು, ಯಾರೂ ಕೇಳಿರಲಿಲ್ಲ. ಆಶಾ ಕಾರ್ಯಕರ್ತೆ 42 ದಿನದವರೆಗೆ ಹಲವು ಬಾರಿ ಮನೆಗೆ ಬರುತ್ತಾರೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಅಷ್ಟು ಹೊತ್ತಿಗೆ ಎಲ್ಲರ ಕಣ್ಣೂ ಮಕ್ಕಳ ತೂಕ ಮತ್ತು ಲಸಿಕೆಯ ಮೇಲಿರುತ್ತದೆ. ರಾತ್ರಿ ಒಟ್ಟಿಗೆ ಎಷ್ಟು ಹೊತ್ತು ನಿದ್ದೆ ಬರುತ್ತದೆ ಎಂದು ಕೇಳಿದೆ. ಆಕೆಗೆ ಹೇಳಲಾಗಲಿಲ್ಲ. ಗಂಡನಿಗೂ ಗೊತ್ತಿರಲಿಲ್ಲ.

"ನೀವು ಲೆಕ್ಕದವರು. ಮೂರು ದಿನ ಮನೆಯ ಲೆಕ್ಕ ಬರೀರಿ," ಅಂದೆ. ಯಾವ ಗಂಟೆಗೆ ಯಾರು ಎದ್ದರು, ಯಾರು ಎತ್ತಿಕೊಂಡರು, ಯಾರಿಗೆ ಹಾಲು, ಯಾರ ಬಟ್ಟೆ ಬದಲು. ಅಂಗಡಿಯಲ್ಲಿ ಬರೆಯುವ ಹಾಗೆಯೇ, ಬಿಡದೆ.

ಮುಂದಿನ ವಾರ ಉದ್ದನೆಯ ಲೆಕ್ಕದ ಪುಸ್ತಕದೊಂದಿಗೆ ಬಂದರು. ಈ ಬಾರಿ ಅತ್ತೆಯೂ ಬಂದಿದ್ದರು. ಅವರು ಬಂದದ್ದು ಮಾತಾಡಲಿಕ್ಕಲ್ಲ, ಎರಡನೇ ಕೂಸನ್ನು ಎತ್ತಿಕೊಳ್ಳಲು ಒಬ್ಬರು ಬೇಕಿತ್ತಲ್ಲ, ಅದಕ್ಕೆ. ಮೂಲೆಯ ಕುರ್ಚಿಯಲ್ಲಿ ಕೂತರು. ಮಗಳು ನನ್ನ ಮೇಜಿನ ಕೆಳಗೆ ಮರದ ಆಟದ ತುಂಡುಗಳನ್ನು ಜೋಡಿಸಿ ಕೆಡವುತ್ತಿದ್ದಳು.

ನಾನು ನನ್ನ ಪಾಠ ಶುರುಮಾಡಿದ್ದೆ. ಈ ವಯಸ್ಸಿನ ಮಗುವಿಗೆ ಅಮ್ಮನಿಂದ ದೂರವಾಗುವುದು ಎಂದರೇನು, ಇತ್ಯಾದಿ. ತಂದೆ ತಲೆಯಾಡಿಸುತ್ತಿದ್ದರು. ಆ ತಲೆಯಾಡಿಸುವುದು ನನಗೆ ಚೆನ್ನಾಗಿ ಗೊತ್ತು: ಮೇಡಂ ಹೇಳೋದು ಹೇಳ್ಲಿ, ನಾವು ಮಾಡೋದು ಮಾಡೋಣ. ನಡುವೆ ತಾಯಿ ಬಾಯಿಬಿಟ್ಟರು. "ನಂಗಿನ್ನು ಆಗಲ್ಲ ಮೇಡಂ. ಅವ್ಳು 'ಅಮ್ಮಾ' ಅಂದ್ರೆ ಸಾಕು, ಮೈಯೆಲ್ಲ ಉರೀತದೆ. ಇವೆರಡು ಎಷ್ಟತ್ತರೂ ಹಂಗಾಗಲ್ಲ. ಅವ್ಳ ಮೇಲೆ ಮಾತ್ರ. ಅವ್ಳು ಹೋದ್ರೆ ನಂಗೆ ಸಮಾಧಾನ ಆಗ್ತದೆ ಅನ್ಸತ್ತೆ." ಹೇಳಿ, ಹೇಳಬಾರದ್ದನ್ನು ಹೇಳಿದವರ ಹಾಗೆ ಅತ್ತೆಯ ಕಡೆ ನೋಡಿದರು.

ಅತ್ತೆ ಸೊಸೆಗೆ ಏನೂ ಅನ್ನಲಿಲ್ಲ. ಮಗನಿಗೆ, "ಅದೇನ್ ಬರದೀಯೋ ಓದು. ರಾತ್ರೀದು ಓದು," ಅಂದರು.

ಅವರು ಓದಿದರು. ಹತ್ತೂ ಕಾಲು, ಮೊದಲನೆಯವನು, ಹಾಲು. ಹತ್ತೂ ಐವತ್ತು, ಎರಡನೆಯವನು, ಹಾಲು. ಹನ್ನೆರಡಕ್ಕೆ ಮೊದಲನೆಯವನು, ಬಟ್ಟೆ. ಒಂದೂ ಕಾಲು, ಎರಡನೆಯವನು. ಒಂದೂ ಮುಕ್ಕಾಲು, ಮೊದಲನೆಯವನು. ಹೀಗೇ ಐದೂವರೆವರೆಗೆ. ಎದ್ದವರ ಕಾಲಂನಲ್ಲಿ ಒಬ್ಬಳದೇ ಹೆಸರು. ಒಂದೇ ಸಮನೆ ಸಿಕ್ಕ ನಿದ್ದೆ ಹೆಚ್ಚೆಂದರೆ ಒಂದು ಗಂಟೆ ಹತ್ತು ನಿಮಿಷ. ಓದುತ್ತ ಓದುತ್ತ ಅವರ ದನಿ ಸಣ್ಣದಾಗುತ್ತಿತ್ತು. ಬರೆಯುವಾಗ ಆಗದ್ದು ಓದುವಾಗ ಆಗುತ್ತದೆ.

"ಇದ್ರಾಗೆ ದೊಡ್ಡ ಕೂಸಿನ ಹೆಸರು ಎಲ್ಲಿ ಬಂತು?" ಅತ್ತೆ ಕೇಳಿದರು.

ಬಂದೇ ಇರಲಿಲ್ಲ. ಹಾಸಿಗೆ ಒದ್ದೆಯಾದರೂ ಅವಳು ಎಚ್ಚರವಾಗುವುದು ಬೆಳಿಗ್ಗೆಗೇ.

"ಮತ್ತೆ? ಅದನ್ನ ಕಳಿಸಿದ್ರೆ ಕಡಿಮೆ ಆಗೋದು ಒಂದು ತಟ್ಟೆ ಅನ್ನ. ಇವ್ಳಿಗೆ ಬೇಕಾಗಿರೋದು ನಿದ್ದಿ. ಆ ಕೂಸನ್ನ ಬಸ್ ಹತ್ಸಿದ್ರೆ ಇವ್ಳಿಗೆ ನಿದ್ದಿ ಹೆಂಗ್ ಬರ್ತತಿ?"

ತಂದೆ ಸುಮ್ಮನಾಗಲಿಲ್ಲ. ಹಗಲು ಅವಳದೇ ಕಾಟ, ಹಾಲು ಕುಡಿಸಲು ಕೂತರೆ ಬೆನ್ನು ಹತ್ತುತ್ತಾಳೆ, ಬಾಗಿಲು ತೆಗೆದು ರಸ್ತೆಗೆ ಓಡುತ್ತಾಳೆ ಎಂದರು. ಅದೂ ನಿಜ, ಪುಸ್ತಕದಲ್ಲಿ ಹಗಲಿನ ಪುಟಗಳಲ್ಲಿ ಅದೆಲ್ಲ ಇತ್ತು. ಅತ್ತೆಯ ಬಳಿ ಅದಕ್ಕೂ ಉತ್ತರವಿತ್ತು. "ನನ್ ಕೈಗೆ ಯಾವಾಗ್ಲೂ ಸಣ್ಣದನ್ನೇ ಕೊಡ್ತೀರಿ. ಎತ್ತಿ ಓಡಾಡಾಕೆ ನನ್ ಮಂಡಿ ಕೇಳಲ್ಲ. ದೊಡ್ಡದು ತಾನೇ ನಡೀತತಿ, ತಾನೇ ಉಣ್ತತಿ. ಅದನ್ನ ನಂಗ್ ಕೊಡ್ರಿ, ಕೂತ್ಕಂಡೇ ಆಡಿಸ್ತೀನಿ."

ನಾನು ಇನ್ನೂ ಅರ್ಧ ಗಂಟೆ ಮಾತಾಡಿದ್ದರೂ ಇಷ್ಟು ಹೇಳುತ್ತಿರಲಿಲ್ಲ. ಇಂಥ ಪ್ರಕರಣಗಳಲ್ಲಿ ಅತ್ತೆಯನ್ನು ಹೊರಗೆ ಕೂರಿಸಿ ಸೊಸೆಯ ಜೊತೆ ಮಾತ್ರ ಮಾತಾಡುವ ಸಲಹೆಗಾರರಿದ್ದಾರೆ. ಕೆಲವೊಮ್ಮೆ ಅದು ಅಗತ್ಯ, ನಾನೂ ಒಂದಿಷ್ಟು ಹೊತ್ತು ಹಾಗೆ ಮಾಡುತ್ತೇನೆ. ಆದರೆ ಮನೆಗೆಲಸದ ಹಂಚಿಕೆಯ ಮಾತು ಬಂದಾಗ ಅದನ್ನು ಬಲ್ಲವರು ಕೋಣೆಯೊಳಗೇ ಇರಬೇಕು.

ಅಲ್ಲಿಂದ ಮುಂದಕ್ಕೆ ಸಲಹೆ ಸುಲಭವಾಯಿತು. ಅತ್ತೆಯ ಯಜಮಾನರು ಹಿಂದೆ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಮೂರು ಪಾಳಿಯಲ್ಲಿ ದುಡಿದವರು, ಪಾಳಿ ಎಂದರೆ ಆ ಮನೆಯಲ್ಲಿ ಯಾರಿಗೂ ವಿವರಿಸಬೇಕಿಲ್ಲ. ರಾತ್ರಿ ಒಂಬತ್ತೂವರೆಗೆ ಹಾಲು ಕೊಟ್ಟು ತಾಯಿ ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿ ಮಲಗುವುದು. ಒಂದೂವರೆವರೆಗೆ ಗಂಡನ ಪಾಳಿ. ನಡುವೆ ಎದ್ದವನಿಗೆ ಹಿಂಡಿಟ್ಟ ಎದೆಹಾಲನ್ನು ಒಳಲೆಯಲ್ಲಿ ಕುಡಿಸುವುದು. ಕುದಿಸಿದ ಸ್ವಚ್ಛ ಪಾತ್ರೆಯಲ್ಲಿ ಹಿಂಡಿ ಫ್ರಿಜ್ಜಿನಲ್ಲಿಟ್ಟರೆ ಒಂದು ದಿನ ಕೆಡುವುದಿಲ್ಲ. ಒಂದೂವರೆಯ ನಂತರ ಒಬ್ಬ ಎದ್ದರೆ ಇನ್ನೊಬ್ಬನನ್ನೂ ಎಬ್ಬಿಸಿ ಒಟ್ಟಿಗೆ ಕುಡಿಸುವುದು, ಎರಡು ಪಕ್ಕಕ್ಕೂ ದಿಂಬಿಟ್ಟುಕೊಂಡು. ಮಲಗಿದ ಕೂಸನ್ನು ಎಬ್ಬಿಸಬಾರದೆನ್ನುವುದು ಒಂದೇ ಕೂಸಿರುವ ಮನೆಯ ಮಾತು.

ಗಂಡ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಗೆ ಹೋಗಬೇಕು, ಮೆಕ್ಕೆಜೋಳದ ಆವಕ ಶುರುವಾಗಿದೆ, ಒಂದೂವರೆವರೆಗೆ ಎದ್ದಿರುವುದು ಹೇಗೆ ಎಂದು ಕೇಳಿದರು. ಸರ್ಕಾರಿ ನೌಕರರಿಗೆ 15 ದಿನವಾದರೂ ಪಿತೃತ್ವ ರಜೆ ಇದೆ, ದಲಾಲಿ ಅಂಗಡಿಯ ಗುಮಾಸ್ತರಿಗೆ ಅದೂ ಇಲ್ಲ. ಅವರ ಕಷ್ಟ ಸಣ್ಣದಲ್ಲ. ಆದರೂ ನಾನು ಜಗ್ಗಲಿಲ್ಲ. ಒಂದೂವರೆಯಿಂದ ಏಳರವರೆಗೆ ಐದೂವರೆ ಗಂಟೆ ನಿದ್ದೆ ಅವರಿಗೆ ಸಿಗುತ್ತದೆ. ನಾಲ್ಕು ತಿಂಗಳಿಂದ ಹೆಂಡತಿಗೆ ಸಿಗದಿದ್ದದ್ದು ಅದು.

ಮಗಳ ವಿಷಯದಲ್ಲಿ ಹೇಳಿದ್ದು ಇಷ್ಟು. ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಹದಿನೈದು ನಿಮಿಷ ಅಮ್ಮ ಅವಳೊಬ್ಬಳ ಜೊತೆ ಇರಬೇಕು. ತಲೆ ಬಾಚುವ ಹೊತ್ತಾದರೂ ಸರಿ. ಅಷ್ಟು ಹೊತ್ತು ಕೂಸುಗಳು ಬೇರೆ ಕೋಣೆಯಲ್ಲಿ, ಅತ್ತರೂ ಬೇರೆಯವರು ನೋಡಿಕೊಳ್ಳಲಿ. ಒದ್ದೆ ಮಾಡಿದರೆ ಬೈಯಬೇಡಿ, ಒಳಲೆಯಲ್ಲಿ ಹಾಲು ಬೇಕೆಂದರೆ ಕೊಡಿ. ಕಚ್ಚಲು ಬಂದಾಗ ಹೊಡೆಯದೆ ಕೈ ಹಿಡಿದು ತಡೆಯಿರಿ, ಮತ್ತು ಕೂಸುಗಳ ಜೊತೆ ಅವಳೊಬ್ಬಳನ್ನೇ ಕ್ಷಣವೂ ಬಿಡಬೇಡಿ. ಎರಡೂ ಬೇಕು. ಪ್ರೀತಿಯಿಂದ ಹೇಳಿದರೆ ಕಚ್ಚುವುದಿಲ್ಲ ಎಂದು ನಂಬಿಕೊಂಡು ನೀರು ಹಿಡಿಯಲು ಹೋಗುವವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ತಾಯಿಗೆ, ಅವಳ ಮೇಲೆ ಮಾತ್ರ ಯಾಕೆ ಉರಿಯುತ್ತದೆ ಎಂಬುದಕ್ಕೆ ನನಗೆ ತೋಚಿದ್ದನ್ನು ಹೇಳಿದೆ. ಸಿಟ್ಟು ಬರುವುದು ಮಾತು ತಿಳಿಯುವವರ ಮೇಲೆ. ಕೂಸಿಗೆ "ಸುಮ್ನಿರು" ಎಂದರೆ ತಿಳಿಯುವುದಿಲ್ಲವೆಂದು ಮನಸ್ಸಿಗೆ ಗೊತ್ತು. ಎರಡು ವರ್ಷದವಳಿಗೆ ತಿಳಿಯುತ್ತದೆ, ಆದರೂ ಕೇಳುವುದಿಲ್ಲ ಎಂದುಕೊಳ್ಳುತ್ತೇವೆ. ಅವಳಿಗೂ ಹೆಚ್ಚೇನೂ ತಿಳಿಯುವುದಿಲ್ಲ. ಪಕ್ಕದಲ್ಲಿ ಅಂಗೈಯಗಲದ ಎರಡು ಕೂಸುಗಳಿರುವುದರಿಂದ ಅವಳು ದೊಡ್ಡವಳಾಗಿ ಕಾಣುತ್ತಾಳೆ, ಅಷ್ಟೇ. ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ: ತನಗೋ ಮಕ್ಕಳಿಗೋ ಏನಾದರೂ ಮಾಡಿಬಿಡುವ ಯೋಚನೆ ಬಂದರೆ, ಇಲ್ಲದ ದನಿ ಕೇಳಿಸಿದರೆ, ಲೆಕ್ಕದ ಪುಸ್ತಕ, ಪಾಳಿ ಇವೆಲ್ಲ ಬದಿಗಿಟ್ಟು ಅದೇ ದಿನ ಮನೋವೈದ್ಯರನ್ನು ನೋಡಬೇಕು. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇದೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಇಷ್ಟು ಹಟ ಯಾಕೆ ಎಂದು ನನ್ನನ್ನು ಕೇಳಿದವರಿದ್ದಾರೆ. "ನಾವೆಲ್ಲ ಅಜ್ಜಿ ಮನೇಲೇ ಬೆಳೆದವರಲ್ವಾ, ಏನಾಗಿದೆ ನಮಗೆ?" ಎನ್ನುತ್ತಾರೆ. ಆ ಮನೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಚಿಕ್ಕಮ್ಮಂದಿರು, ಮಾವಂದಿರು, ಓರಗೆಯ ನಾಲ್ಕು ಮಕ್ಕಳು, ಎದುರು ಮನೆಯವರು ಇದ್ದರು. ಇವತ್ತು ಆ ಹಳ್ಳಿಯ ಮನೆಯಲ್ಲಿ ಇರುವುದು ಇಬ್ಬರು ವಯಸ್ಸಾದವರು ಮತ್ತು ಒಂದು ಮೊಬೈಲು. ಅಡಿಕೆ ಕೊಯ್ಲಿನ ಕಾಲದಲ್ಲಿ ಅವರೂ ಬೆಳಗಿನಿಂದ ಸುಲಿಯಲು ಕೂತಿರುತ್ತಾರೆ.

ಮನೋವೈದ್ಯ ಜಾನ್ ಬೌಲ್ಬಿ, ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಎಂಬ ಇಬ್ಬರು 1950ರ ದಶಕದ ಆರಂಭದಲ್ಲೇ ಇಂಗ್ಲೆಂಡಿನಲ್ಲಿ, ತಾಯಿಯನ್ನು ಬಿಟ್ಟು ಆಸ್ಪತ್ರೆಯಲ್ಲಿರಬೇಕಾದ ಪುಟ್ಟ ಮಕ್ಕಳನ್ನು ಗಮನಿಸಿ ಮೂರು ಹಂತ ಗುರುತಿಸಿದ್ದರು. ಮೊದಲು ಅತ್ತು ರಂಪ ಮಾಡುತ್ತವೆ. ಆಮೇಲೆ ಮಂಕಾಗುತ್ತವೆ. ಕೊನೆಗೆ ಏನೂ ಆಗದ ಹಾಗೆ ಆಡಿಕೊಂಡಿರುತ್ತವೆ, ತಾಯಿ ಬಂದರೂ ಮುಖ ತಿರುಗಿಸುತ್ತವೆ. ಅಜ್ಜಿಯ ಮಡಿಲು ಆಸ್ಪತ್ರೆಯ ವಾರ್ಡಲ್ಲ, ಅಲ್ಲಿ ಇದು ಅಷ್ಟು ಕಠಿಣವಾಗುವುದಿಲ್ಲ; ಒಪ್ಪುತ್ತೇನೆ. ಆದರೆ "ಈಗ ಅಳೋದೇ ಇಲ್ಲ, ನಿಮ್ಮ ನೆನಪೇ ಮಾಡಲ್ಲ" ಎಂದು ಊರಿಂದ ಫೋನ್ ಬಂದಾಗ ಮನೆಯವರು ಪಡುವ ಸಂತೋಷವನ್ನು ನಾನು ಹಂಚಿಕೊಳ್ಳಲಾರೆ. ಇನ್ನೊಂದು ಮಾತು. ನಾನು ಕಂಡ ಮನೆಗಳಲ್ಲಿ ಹೀಗೆ ಕಳಿಸಿದ್ದು ಹೆಚ್ಚಾಗಿ ಹೆಣ್ಣುಮಕ್ಕಳನ್ನು. ಇದನ್ನು ಕೋಣೆಯಲ್ಲಿ ಹೇಳಿದರೆ ಜಗಳವಾಗುತ್ತದೆ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಳಿಸಲೇಬೇಕಾದ ಸಂದರ್ಭಗಳೂ ಇವೆ. ಅವಳಿಗಳು ಹೆಚ್ಚಾಗಿ ದಿನ ತುಂಬುವ ಮುಂಚೆ, ತೂಕ ಕಡಿಮೆಯಾಗಿ ಹುಟ್ಟುತ್ತವೆ. ಐಸಿಯುನಲ್ಲಿದ್ದರೆ ಮನೆಯವರೆಲ್ಲ ಆಸ್ಪತ್ರೆಯಲ್ಲಿರಬೇಕಾಗುತ್ತದೆ. ಆಗ ಕಳಿಸಿ, ಮಗುವಿಗೆ ಚೆನ್ನಾಗಿ ಗೊತ್ತಿರುವವರ ಬಳಿ, ದಿನಗಳ ಲೆಕ್ಕದಲ್ಲಿ. ಅವಳ ದುಪ್ಪಟಿ, ತಟ್ಟೆ, ಆಟಿಕೆ ಜೊತೆಗೆ ಹೋಗಲಿ. ವಾರಕ್ಕೊಮ್ಮೆಯಾದರೂ ಅಪ್ಪ ಹೋಗಿ ಬರಲಿ. ಮಗು ಮಲಗಿದ್ದಾಗ ಹೇಳದೆ ಬಸ್ ಹತ್ತುವ ನಮ್ಮ ಹಳೆಯ ಉಪಾಯವೊಂದಿದೆಯಲ್ಲ, ಅದನ್ನು ದಯವಿಟ್ಟು ಮಾಡಬೇಡಿ. ಎದ್ದು ನೋಡಿದಾಗ ಅಮ್ಮನಿಲ್ಲದ ಮಗುವಿಗೆ ಆಮೇಲೆ ನಿದ್ದೆ ಮಾಡುವುದೇ ಭಯವಾಗುತ್ತದೆ. ಅಂಥ ಮಕ್ಕಳನ್ನು ನಾನು ನೋಡಿದ್ದೇನೆ.

ಈ ಮನೆಯಲ್ಲಿ ಮಗಳು ಹೋಗಲಿಲ್ಲ. ಗಂಡನ ಪಾಳಿ ಮೂರು ವಾರ ಚೆನ್ನಾಗಿ ನಡೆದು, ಮೆಕ್ಕೆಜೋಳದ ಭರಾಟೆಯಲ್ಲಿ ತಪ್ಪಿತು. ಅಡಿಕೆ ಮುಗಿದ ಮೇಲೆ ಹೊಳಲ್ಕೆರೆಯ ಅಜ್ಜಿಯೇ ಇಲ್ಲಿಗೆ ಬಂದು ಹದಿನೈದು ದಿನ ಇದ್ದರು. ಕಚ್ಚುವುದು ನಿಂತಿತು, ಚಿವುಟುವುದು ಇನ್ನೂ ಇದೆ. ಹಾಸಿಗೆ ಕೆಲವು ದಿನ ಒದ್ದೆಯಾಗುತ್ತದೆ. ತಾಯಿ ಆಮೇಲೆ ಫೋನ್ ಮಾಡಿದ್ದು ಬೇರೆ ವಿಷಯಕ್ಕೆ, ಆರು ತಿಂಗಳು ತುಂಬಿದವಕ್ಕೆ ರಾಗಿ ಸರಿ ಮೊದಲೋ ಅಕ್ಕಿಯ ಗಂಜಿ ಮೊದಲೋ ಎಂದು. ಅದನ್ನು ಮಕ್ಕಳ ವೈದ್ಯರಿಗೆ ದಾಟಿಸಿದೆ.

ಓದುವವರಲ್ಲಿ ಕೆಲವರು ಆಗಲೇ ಕಳಿಸಿರುತ್ತೀರಿ. ಗಾಬರಿಯಾಗಬೇಡಿ, ಕರೆತನ್ನಿ. ಬಂದ ಕೂಡಲೇ ಓಡಿಬಂದು ತಬ್ಬಿಕೊಳ್ಳುತ್ತಾಳೆಂದು ಕಾಯಬೇಡಿ; ಅಜ್ಜಿಯ ಸೆರಗು ಹಿಡಿದು ಹಿಂದೆ ನಿಂತರೆ ನಿಲ್ಲಲಿ. ಅಜ್ಜಿಯನ್ನೂ ಜೊತೆಗೇ ಕರೆಸಿ, ನಾಲ್ಕು ದಿನ ಉಳಿಸಿಕೊಳ್ಳಿ. ಅವರು ಹೊರಡುವಾಗ ಮಗುವಿಗೆ ಹೇಳಿಯೇ ಹೊರಡಲಿ. ಅತ್ತರೆ ಅಳಲಿ, ಆಗ ನೀವು ಪಕ್ಕದಲ್ಲಿ ಕೂತಿರಿ, ಕೂಸುಗಳನ್ನು ಬೇರೆಯವರ ಕೈಗೆ ಕೊಟ್ಟು.