ಹಳೇ ಪಿಕಪ್‌ನ ಸ್ಟೀರಿಂಗ್ ನಡುಕ

ಪ್ರಶ್ನೆ: ನನ್ನ ಹಳೇ ಪಿಕಪ್ 80 ಕಿ.ಮೀ. ವೇಗ ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಜೊತೆಗೆ ಸಡಿಲ ಬೇರೆ, ಎರಡು ಬೆರಳಷ್ಟು ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗ್ ತಿರುವನ್ನು ಚಕ್ರಗಳ ಕಡೆಗೆ ದಾಟಿಸುವ ಗೇರ್ ಪೆಟ್ಟಿಗೆ) ಬದಲಿಸಲೇ?

ಉತ್ತರ: ಸ್ವಲ್ಪ ತಡೆಯಿರಿ. ಇವು ಎರಡು ಬೇರೆ ತೊಂದರೆಗಳಿರಬಹುದು. ಒಂದು ವೇಗದಲ್ಲಿ ಮಾತ್ರ ನಡುಗಿದರೆ ಮೊದಲ ಅನುಮಾನ ಚಕ್ರಗಳ ಬ್ಯಾಲೆನ್ಸ್ ಮೇಲೆ, ಆಮೇಲೆ ಉಬ್ಬಿದ ಟೈರ್, ಸೊಟ್ಟಗಾದ ರಿಮ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿ.

ಸಡಿಲ ಹುಡುಕೋಕೆ ಇನ್ನೊಬ್ಬರು ಬೇಕು. ಗಾಡಿ ಸಮತಟ್ಟು ನೆಲದಲ್ಲಿ ನಿಂತಿರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಅವರು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪ ಆಚೀಚೆ ಆಡಿಸುತ್ತಿರುವಾಗ ನೀವು ಕಾಲಮ್‌ನ (ಸ್ಟೀರಿಂಗ್‌ನಿಂದ ಕೆಳಗಿಳಿಯುವ ದಂಡ) ಜಾಯಿಂಟ್‌ನಿಂದ ಶುರು ಮಾಡಿ ಬಾಕ್ಸ್, ಪಿಟ್‌ಮನ್ ಆರ್ಮ್ (ಬಾಕ್ಸ್‌ನಿಂದ ಹೊರಬರುವ ತೋಳು), ಟೈ ರಾಡ್ (ಚಕ್ರವನ್ನು ಎಡಬಲ ತಿರುಗಿಸುವ ಸರಳು) ತುದಿ ಎಂದು ಒಂದೊಂದನ್ನೇ ನೋಡಿ. ಒಂದು ಕಡೆ ಚಲನೆ ಇದ್ದು ಪಕ್ಕದ ಭಾಗಕ್ಕೆ ತಲುಪದಿದ್ದರೆ ಸವೆದಿರುವುದು ಅಲ್ಲೇ. ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟ್ ಸಡಿಲವಾಗಿರುವುದೂ ಉಂಟು, ಅದನ್ನು ಯಾರೂ ನೋಡೋದೇ ಇಲ್ಲ!

ನಂತರ ಮುಂದಿನ ಚಕ್ರ ಎತ್ತಿ, ಜಾಕ್ ಸ್ಟ್ಯಾಂಡ್ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ ಚಲನೆ) ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಚಕ್ರ ತಿರುಗಲು ಬಿಡುವ ಗುಂಡು ಕೀಲು) ಸವೆದಿರಬಹುದು. ಬ್ರೇಕ್ ಒತ್ತಿಸಿದಾಗ ಆಟ ನಿಂತರೆ ಬೇರಿಂಗ್ ಅಂದುಕೊಳ್ಳಿ. ಎಡಬಲ ಆಡಿದರೆ ಟೈ ರಾಡ್ ಕಡೆ ನೋಡಿ.

ಬಾಕ್ಸ್ ಮೇಲಿನ, ಸಡಿಲ ಹೊಂದಿಸುವ ಸ್ಕ್ರೂ ಸುಮ್ನೆ ಬಿಗಿ ಮಾಡಬೇಡಿ. ಜಾಸ್ತಿ ಬಿಗಿಯಾದರೆ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಸವೆದಿದ್ದರೆ ಅದನ್ನು ಬದಲಿಸಿ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸುವವರೆಗೆ ಗಾಡಿ ಓಡಿಸಬೇಡಿ.